ಬಿದ್ದೆದ್ದ ಉಡುಪಿಯ ಸವಾರ

ಬಿಟ್ಟಂಗಾಲದ ಮಳೆಗಾಲದ ಕೆಸರಿನಲ್ಲಿ ಬೈಕ್ ಜಾರಿದರೆ ಮೊದಲು ನೆಲಕ್ಕೂರುವುದು ಕಾಲು. ಮೋಟೋಕ್ರಾಸ್‌ನಲ್ಲಿ ಅದೇ ಕಾಲು ಜಿಗಿತದ ಏಟನ್ನೂ ತಾಳಬೇಕು.

ಉಡುಪಿಯ ಕೆ.ಪಿ. ಅರವಿಂದ್ ರಾಷ್ಟ್ರೀಯ ಸೂಪರ್‌ಕ್ರಾಸ್ ಚಾಂಪಿಯನ್ ಆದವರು. 2017ರಲ್ಲಿ ದಕ್ಷಿಣ ಅಮೆರಿಕದ ಡಕಾರ್ ರ್‍ಯಾಲಿಯಿಂದ ಗಾಯಗೊಂಡು ಹೊರಬಿದ್ದರು. 2018ರಲ್ಲೂ ಅದೇ ಕಥೆ.

ಇಂಥ ಬೀಳುಗಳಲ್ಲಿ ಮೂಳೆ ಮುರಿಯುವುದು ಸಾಮಾನ್ಯ. ಮುರಿದಲ್ಲಿ ಮೊದಲು ಮೆದುವಾದ ಬೆಸುಗೆ ಕೂಡುತ್ತದೆ, ವಾರಗಳ ನಂತರ ಅದು ಗಟ್ಟಿಯಾಗುತ್ತದೆ. ಪೂರ್ತಿ ಬಲಿಯಲು ತಿಂಗಳುಗಳೇ ಬೇಕು. ಹದವಾದ ಭಾರ ಮೂಳೆಯನ್ನು ಬಲಪಡಿಸುತ್ತದೆ. ದುಡುಕಿದರೆ ಮತ್ತೆ ಮುರಿಯುತ್ತದೆ.

2019ರಲ್ಲಿ ಪೆರುವಿನ ಮರಳುಗಾಡಿನಲ್ಲಿ 10 ಹಂತಗಳನ್ನೂ ಮುಗಿಸಿದ ಅರವಿಂದ್ 37ನೇ ಸ್ಥಾನ ಪಡೆದರು. ಎರಡು ಬಾರಿ ನಡುವೆಯೇ ನಿಂತ ಓಟ ಮೂರನೆಯ ಸಲ ಗುರಿ ಮುಟ್ಟಿತು.

ಪ್ಲಾಸ್ಟರ್ ಬಿಚ್ಚಿದ ಮರುದಿನವೇ ಬೈಕ್ ಏರಲು ಹಟ ಹಿಡಿಯುವ ನಮ್ಮ ಹುಡುಗರು ಆ ನಡುವಿನ ಕಾಯುವಿಕೆಯನ್ನೂ ಗಮನಿಸಲಿ.