ಮನೆಯ ಬಳಿಯ ಕದಂಬ, ಮನೆತನದ ಹೆಸರು

ಶಿರಾಳಕೊಪ್ಪದಿಂದ ತಾಳಗುಂದದ ದಾರಿ ಹಿಡಿದರೆ ಅಕ್ಕಪಕ್ಕ ಮೆಕ್ಕೆಜೋಳ, ನಡುನಡುವೆ ಎಳೆಯ ಅಡಿಕೆ ತೋಟ. ಪ್ರಣವೇಶ್ವರ ದೇವಾಲಯದ ಮುಂದಿನ ಶಾಸನ ಕಂಬ ನೋಡಲು ಬರುವವರಿಗೆ ಬೇಕಾದದ್ದು ಕದಂಬ ವಂಶ ಸ್ಥಾಪಿಸಿದ ಮಯೂರಶರ್ಮನ ಕಥೆ. ನನ್ನನ್ನು ಅಂದು ಹಿಡಿದು ನಿಲ್ಲಿಸಿದ್ದು ಅದೇ ಶಾಸನದಲ್ಲಿ ಬರುವ ಒಂದು ಮರ.

ಮಾನವ್ಯ ಗೋತ್ರದ ಮಯೂರಶರ್ಮನ ಕುಟುಂಬದ ಮನೆಯ ಬಳಿ ಕದಂಬ ಮರವೊಂದು ಹೂಬಿಟ್ಟು ನಿಂತಿತ್ತಂತೆ. ಮನೆಯವರು ಅದನ್ನು ಜೋಪಾನ ಮಾಡಿದರು, ಮರದ ಹೆಸರೇ ಅವರ ಹೆಸರಾಯಿತು. ಎಷ್ಟೋ ರಾಜವಂಶಗಳು ಸೂರ್ಯ ಚಂದ್ರರನ್ನು ಮೂಲಪುರುಷರೆಂದು ಹೇಳಿಕೊಂಡ ನಾಡಿನಲ್ಲಿ ಇವರು ಮರ ಸಾಕಿದ್ದನ್ನು ಕಲ್ಲಿನಲ್ಲಿ ಬರೆಸಿದರು. ಇದಕ್ಕಿಂತ ಚೆಂದದ ವಂಶಾವಳಿ ನನಗೆ ಗೊತ್ತಿಲ್ಲ.

ಶಾಸನ ಐದನೇ ಶತಮಾನದ ನಡುಭಾಗದ್ದು, ಕದಂಬ ದೊರೆ ಶಾಂತಿವರ್ಮನ ಕಾಲದ್ದು. ಅವನ ತಂದೆ ಕಾಕುತ್ಸ್ಥವರ್ಮ ಇಲ್ಲಿ ಕೆರೆ ಕಟ್ಟಿಸಿದ. ಸಂಸ್ಕೃತ ಪದ್ಯಗಳನ್ನು ರಚಿಸಿದವನು ಕುಬ್ಜ ಕವಿ. ಅಹಿಚ್ಛತ್ರದಿಂದ 32 ಕುಟುಂಬಗಳನ್ನು ಕರೆತಂದು ಮುಕ್ಕಣ್ಣ ಕದಂಬ ಇಲ್ಲಿ ನೆಲೆಗೊಳಿಸಿದನೆಂದು ಊರಿನ ನಂತರದ ಶಾಸನ ಹೇಳುತ್ತದೆ.

ಆವರಣದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹಿರಿಯರು ಕುಡುಗೋಲು ಕೆಳಗಿಟ್ಟು ಮಾತಿಗೆ ಕೂತರು. "ಎಲ್ಲರೂ ಕಂಬದ ಫೋಟೊ ತಗೊಂಡು ಹೋಗ್ತಾರ್ರೀ, ಮರ ಯಾರೂ ಕೇಳಲ್ಲ" ಎಂದರು. ಅವರ ತಾಯಿಯ ತವರು ಸೊರಬದ ಕಡೆ. "ಆಗ ಊರಿಗೊಂದು ಕಾನಿತ್ತು. ಒಳಗೆ ಹೊಕ್ಕರೆ ನಡುಮಧ್ಯಾಹ್ನಾನೂ ತಂಪು. ಮೆಣಸಿನ ಬಳ್ಳಿ, ಬಗಿನೆ ಮರ, ದೇವರ ಬನ. ಬನದಾಗೆ ಕೊಡಲಿ ಹಾಕಂಗಿರಲಿಲ್ಲ. ಈಗ ನೋಡ್ರೀ, ಶುಂಠಿ!" ಬಹಳ ಹೊತ್ತು ಕಾನಿನ ಮಾತೇ ಆಡಿದರು. ಎಬ್ಬಿಸುವ ಮನಸ್ಸು ನನಗೂ ಬರಲಿಲ್ಲ.

ಅವರ ಸಂಕಟ ಬರೀ ನೆನಪಿನದಲ್ಲ. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ಪ್ರತ್ಯೇಕ ವರದಿ ಬರೆದರು. ಊರಿನವರು ಕಾಯ್ದುಕೊಂಡ ಈ ನಿತ್ಯಹಸಿರು ಕಾಡುಗಳೇ ಮೆಣಸು ಕೊಡುತ್ತಿದ್ದವು, ಹಳ್ಳ ಬತ್ತದಂತೆ ನೋಡಿಕೊಳ್ಳುತ್ತಿದ್ದವು. ಮೊದಲು ಬಂದು ನೆಲೆಸಿದವರ ನಿಜವಾದ ಸ್ಮಾರಕ ಅವೇ. ಅವು ಒತ್ತುವರಿಯಾಗಿ ಕರಗುತ್ತಿರುವುದು ನೋವಿನ ಸಂಗತಿ.

ವರ್ಷಕ್ಕೊಮ್ಮೆ ಕದಂಬರ ರಾಜಧಾನಿಯಾಗಿದ್ದ ಬನವಾಸಿಯಲ್ಲಿ ಕದಂಬೋತ್ಸವ ನಡೆಯುತ್ತದೆ, ನಡೆಯಲಿ. ಆದರೆ ತಾಳಗುಂದದ ಕೆರೆಯ ಸುತ್ತ, ಬಳ್ಳಿಗಾವಿಯ ದಾರಿಗುಂಟ ಕದಂಬದ ಸಾಲೊಂದು ಏಳಬೇಕು. ಬೇಗ ಬೆಳೆಯುವ ಮರ, ಮಳೆಗಾಲದಲ್ಲಿ ಚೆಂಡಿನಂಥ ಹೂ ಬಿಡುತ್ತದೆ. ಅರಣ್ಯ ಇಲಾಖೆ ಸಸಿ ಕೊಡಲಿ, ಪಂಚಾಯಿತಿ ಬೇಲಿ ಹಾಕಲಿ, ಶಾಲೆಯ ಮಕ್ಕಳು ನೆಡಲಿ. ಬರುವ ಮುಂಗಾರಿಗೇ ಈ ಕೆಲಸ ಶುರುವಾಗಲಿ.