ಡಬ್ಬಿ ದೊಡ್ಡದು, ಬಣ್ಣ ಪೊಳ್ಳು

ಪಾಂಡವಪುರದ ಯಾವುದೇ ಪುಸ್ತಕದಂಗಡಿ ಮುಂದೆ ಜೂನ್ ತಿಂಗಳಲ್ಲಿ ಅರ್ಧ ಗಂಟೆ ನಿಂತರೆ ಇಂಥದೊಂದು ಮಾತುಕತೆ ಕಿವಿಗೆ ಬಿದ್ದೇ ಬೀಳುತ್ತದೆ.

“ಮಗೀಗೆ ಕಲರ್ ಪೆನ್ಸಿಲ್ ಬೇಕಿತ್ತಲ್ಲಣ್ಣ.”

“ಹನ್ನೆರಡರದ್ದು ಕೊಡ್ಲಾ, ಇಪ್ಪತ್ನಾಕರದ್ದಾ?”

“ಯಾವುದ್ರಲ್ಲಿ ಜಾಸ್ತಿ ಅವೆ ಅದ್ನೇ ಕೊಡಿ. ಡ್ರಾಯಿಂಗ್ ಕಾಂಪಿಟೇಶನ್ ಅಂತೆ, ಮೇಷ್ಟ್ರು ಹೇಳವ್ರೆ.”

ನಲವತ್ತೆಂಟರ ಡಬ್ಬಿ ಚೀಲ ಸೇರುತ್ತದೆ. ಕಬ್ಬಿನ ಬಿಲ್ಲು ಬಂದಿರಲಿ ಬಿಡಲಿ, ಮಗಳ ಮುಖ ಅರಳಿದರೆ ಸಾಕು ಅಪ್ಪನಿಗೆ. ದಸರಾ ರಜೆ ಹೊತ್ತಿಗೆ ಅದೇ ಡಬ್ಬಿ ತೆಗೆದು ನೋಡಬೇಕು. ಹಸಿರು, ಕಪ್ಪು, ನೀಲಿ ಬೆರಳುದ್ದಕ್ಕೆ ಇಳಿದಿರುತ್ತವೆ. ಮೂವತ್ತರ ತುದಿ ಕೂಡ ಮೊಂಡಾಗಿರುವುದಿಲ್ಲ. ಮಿಕ್ಕವು ಮೆಂಡರಿಗೆ ಹಾಕಿದಷ್ಟೂ ಮುರಿದು ಮುರಿದು ಬೀಳುತ್ತವೆ. ಹುಡುಗಿ ಬರೆದ ಚಿತ್ರವೋ, ಎಷ್ಟು ಒತ್ತಿ ತಿಕ್ಕಿದರೂ ಬಣ್ಣ ಏರದೆ ಮೇಣ ಬಳಿದ ಹಾಗೆ ಮಿರಮಿರ ಅನ್ನುತ್ತಿರುತ್ತದೆ. ಮನೆಯಲ್ಲಿ ಬೈಗುಳ ಹುಡುಗಿಗೆ. ತಪ್ಪು ಅವಳದಲ್ಲ, ಡಬ್ಬಿಯದು.

ಚಿತ್ರಕಲೆ ಅಂದರೆ ಬಿಡುವಿನ ಆಟ ಎಂದು ತಳ್ಳಿಹಾಕುವ ಕಾಲ ಈಗಿಲ್ಲ. ಪ್ರತಿಭಾ ಕಾರಂಜಿಯಲ್ಲಿ ಸಣ್ಣ ಮಕ್ಕಳಿಗೂ ಚಿತ್ರ ಬರೆಯುವ, ಬಣ್ಣ ಹಚ್ಚುವ ಸ್ಪರ್ಧೆ ಇದೆ. ಕ್ಲಸ್ಟರಿನಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ ಹೋಗುತ್ತಾರೆ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟುವ ಮಕ್ಕಳಿದ್ದಾರೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಜನರ ಬಾಯಲ್ಲಿ ‘ಕಾವಾ’, ಅದರ ಕಡೆ ಕಣ್ಣು ಹಾಕಿದವರೂ ಇದ್ದಾರೆ. ಅಂಥ ಹುಡುಗರ ಕೈಗೆ ಪೊಳ್ಳು ಪೆನ್ಸಿಲ್ ಕೊಟ್ಟು ಚೆನ್ನಾಗಿ ಬರಿ ಅನ್ನುವುದು, ಮೊಂಡು ಕುಡುಗೋಲು ಕೊಟ್ಟು ಗದ್ದೆ ಕೊಯ್ಯಿ ಅಂದ ಹಾಗೆ.

ಒಳಗಿರುವುದೇನು?

ಬರೆಯುವ ಸೀಸದ ಪೆನ್ಸಿಲ್ಲಿನ ಕಥೆಯೇ ಬೇರೆ. ಆ ಕಥೆಗೂ ಶ್ರೀರಂಗಪಟ್ಟಣಕ್ಕೂ ಒಂದು ದೂರದ ನೆಂಟಸ್ತಿಕೆ ಉಂಟು. ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ಹತ್ತಿ, ಇಂಗ್ಲೆಂಡಿನ ಗ್ರಾಫೈಟು ಫ್ರೆಂಚರಿಗೆ ಸಿಗದಂತಾಯಿತು. ಆಗ ನಿಕೊಲಾ ಜಾಕ್ ಕೋಂಟೆ ಎಂಬಾತ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಸುಟ್ಟು ಕಡ್ಡಿ ಮಾಡಿದ. 1795ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. 1798ರಲ್ಲಿ ಇದೇ ಕೋಂಟೆ ನೆಪೋಲಿಯನ್ ದಂಡಿನ ಜೊತೆ ಈಜಿಪ್ಟಿಗೆ ಹೋದ. ಮರುವರ್ಷ ಜನವರಿಯಲ್ಲಿ ಅಲ್ಲಿಂದಲೇ ನೆಪೋಲಿಯನ್ ಟಿಪ್ಪುವಿಗೆ ಬರೆದ ಕಾಗದ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ಕ್ಕೆ ಪಟ್ಟಣದ ಕೋಟೆ ಬಿತ್ತು. ಇಂದಿಗೂ ಸ್ಕೂಲ್ ಮಕ್ಕಳ ಪೆನ್ಸಿಲ್ಲಿನೊಳಗೆ ಇರುವುದು ಕೋಂಟೆಯ ಆ ಪಾಕವೇ.

ಬಣ್ಣದ ಪೆನ್ಸಿಲ್ ಹಾಗಲ್ಲ. ಅದರ ಕಡ್ಡಿಯನ್ನು ಸಾಮಾನ್ಯವಾಗಿ ಸುಡುವುದಿಲ್ಲ. ಬಣ್ಣದ ಪುಡಿ, ಅದನ್ನು ಹಿಡಿದಿಡಲು ಮೇಣ ಅಥವಾ ಎಣ್ಣೆ, ಗಾತ್ರ ತುಂಬಲು ಬಿಳಿಜೇಡಿ ಅಥವಾ ಟಾಲ್ಕು, ಸ್ವಲ್ಪ ಅಂಟು. ಅದಕ್ಕೇ ಅದು ಮೆತ್ತಗೆ, ಅದಕ್ಕೇ ಬೇಗ ಮುರಿಯುವುದು. ಅಗ್ಗದ ಪೆನ್ಸಿಲ್ಲಿನಲ್ಲಿ ಬಣ್ಣದ ಪುಡಿ ಕಡಿಮೆ, ಜೇಡಿ ಜಾಸ್ತಿ. ಹಾಲಿಗೆ ನೀರು ಬೆರೆಸಿದ ಲೆಕ್ಕ. ಬಣ್ಣ ಬರಲೆಂದು ಮಗು ಒತ್ತುತ್ತದೆ. ಒತ್ತಿದರೆ ಕಾಗದದ ತರಿ ಮೇಣದಲ್ಲಿ ಮುಚ್ಚಿಹೋಗಿ ಎರಡನೆಯ ಬಣ್ಣ ಮೇಲೆ ಕೂರುವುದಿಲ್ಲ, ಜಾರುತ್ತದೆ. ಚಿತ್ರ ಅಲ್ಲಿಗೆ ಮುಗಿಯಿತು.

ಕಲಾವಿದರ ದರ್ಜೆಯದು ಅನ್ನಿಸಿಕೊಂಡ ಪೆನ್ಸಿಲ್ಲಿನಲ್ಲಿ ಪುಡಿಯ ಪಾಲು ಹೆಚ್ಚು. ಮೆಲ್ಲಗೆ ಸವರಿದರೂ ಬಣ್ಣ ಕಾಣುತ್ತದೆ, ಒಂದರ ಮೇಲೊಂದು ಐದಾರು ಪದರ ತಾಳುತ್ತದೆ. ಜರ್ಮನಿಯ ಫೇಬರ್ ಕ್ಯಾಸಲ್ ಕಂಪನಿಯ ಪಾಲಿಕ್ರೋಮಸ್ ಎಣ್ಣೆಯದು, 120 ಬಣ್ಣಗಳಲ್ಲಿ ಬರುತ್ತದೆ. ಪ್ರಿಸ್ಮಾಕಲರ್ ಪ್ರೀಮಿಯರ್ ಮೇಣದ್ದು, ಬೆಣ್ಣೆಯ ಹಾಗೆ ಜಾರುತ್ತದೆ. ಎಣ್ಣೆಯದು ಕೊಂಚ ಗಟ್ಟಿ, ತುದಿ ಚೂಪಾಗಿ ನಿಲ್ಲುತ್ತದೆ, ಹಕ್ಕಿಯ ಕಣ್ಣು, ಗುಡಿಯ ಕೆತ್ತನೆ ಇಂಥವಕ್ಕೆ ಅನುಕೂಲ. ಮೇಣದ್ದು ಅಗಲ ಜಾಗ ತುಂಬಲು ಸುಖ, ಆದರೆ ದಟ್ಟವಾಗಿ ಹಚ್ಚಿದ ಕಡೆ ಕೆಲವು ದಿನಕ್ಕೆ ಬೂದಿ ಬಡಿದಂತೆ ಮಂಕು ಕವಿಯುತ್ತದೆ. ಹೆದರಬೇಕಿಲ್ಲ, ಮೇಣ ಮೇಲೆದ್ದಿದೆ ಅಷ್ಟೆ. ಮೆತ್ತನೆ ಬಟ್ಟೆಯಲ್ಲಿ ಹಗುರಾಗಿ ಒರೆಸಿದರೆ ಹೋಗುತ್ತದೆ.

ಬೆಲೆ ಕೇಳಿದರೆ ಮಾತ್ರ ಎದೆ ಝಲ್ ಅನ್ನುತ್ತದೆ. ಇಂಥವು ಒಂದೊಂದೇ ನೂರು ರೂಪಾಯಿ ದಾಟುತ್ತವೆ. ನಲವತ್ತೆಂಟು ಕೊಳ್ಳುವುದು ಕೂಲಿಮಾಡುವವರಿಗಿರಲಿ, ಸಂಬಳದವರಿಗೂ ಆಗದು. ಕೊಳ್ಳಬೇಕಾಗಿಯೂ ಇಲ್ಲ.

ಹನ್ನೆರಡು ಸಾಕು

ತಿಳಿದವರು ಇಂಥ ಪೆನ್ಸಿಲ್ಲನ್ನು ಡಬ್ಬಿಗಟ್ಟಲೆ ತರುವುದಿಲ್ಲ, ಬಿಡಿಬಿಡಿಯಾಗಿ ಆರಿಸಿ ತರುತ್ತಾರೆ. ನಿಂಬೆ ಹಳದಿ, ಓಕರ್ ಎನ್ನುವ ಮಣ್ಣುಹಳದಿ. ಕಿತ್ತಳೆಗೆ ವಾಲಿದ ಕೆಂಪು, ನೇರಳೆಗೆ ವಾಲಿದ ಕೆಂಪು. ಅಲ್ಟ್ರಾಮರೀನ್ ನೀಲಿ, ಹಸಿರಿಗೆ ಹತ್ತಿರದ ಇನ್ನೊಂದು ನೀಲಿ. ಕಡುಹಸಿರು, ಆಲಿವ್ ಹಸಿರು. ಬರ್ನ್ಟ್ ಸಿಯೆನ್ನ, ಅಂಬರ್ ಎಂಬ ಎರಡು ಕಂದು. ಮತ್ತೆ ಬಿಳಿ, ಕಪ್ಪು. ಈ ಹನ್ನೆರಡರಲ್ಲಿ ಮಂಡ್ಯ ಸೀಮೆಯ ಸಕಲವನ್ನೂ ಬರೆಯಬಹುದು. ಹನ್ನೆರಡೂ ಒಟ್ಟಿಗೆ ಆಗದಿದ್ದರೆ ಮೊದಲು ನಾಲ್ಕು ತಂದರೂ ಸರಿ: ಓಕರ್, ಸಿಯೆನ್ನ, ಅಲ್ಟ್ರಾಮರೀನ್, ಬಿಳಿ. ಉಳಿದದ್ದಕ್ಕೆ ಕ್ಯಾಮ್ಲಿನ್, ಡಾಮ್ಸ್, ಅಪ್ಸರಾದಂಥ ಶಾಲೆ ಪೆನ್ಸಿಲ್ ನಡೆಯುತ್ತದೆ. ಆಕಾಶ, ಗದ್ದೆಯಂಥ ಅಗಲ ಜಾಗಕ್ಕೆ ಅವನ್ನೇ ಬಳಸಿ, ಕಣ್ಣು ನಿಲ್ಲುವ ಕಡೆ ಮಾತ್ರ ಒಳ್ಳೆಯದನ್ನು ಮುಟ್ಟಿದರೆ ದುಡ್ಡೂ ಉಳಿಯುತ್ತದೆ.

ಹಸಿರಿನ ವಿಚಾರ ತೆಗೆದುಕೊಳ್ಳಿ. ಪಾಂಡವಪುರದ ಸುತ್ತಿನ ಕಬ್ಬನ್ನು ಡಬ್ಬಿಯಲ್ಲಿರುವ ಗಿಳಿಹಸಿರಲ್ಲಿ ಬರೆದರೆ ಅದು ಪ್ಲಾಸ್ಟಿಕ್ ಕಬ್ಬು. ಮೊದಲು ನಿಂಬೆ ಹಳದಿ ತೆಳ್ಳಗೆ, ಅದರ ಮೇಲೆ ಆಲಿವ್, ನೆರಳಿಗೆ ಅಲ್ಟ್ರಾಮರೀನ್ ಸವರಿದರೆ ಗರಿ ಏಳುತ್ತದೆ. ನಾಟಿಯಾದ ಭತ್ತದ ಪೈರಿಗೆ ಆಲಿವ್ ಬೇಡ, ಹಳದಿಯ ಪಾಲು ಇನ್ನೂ ಹೆಚ್ಚಬೇಕು. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲು ಲಕ್ಷ್ಮೀನಾರಾಯಣ ಗುಡಿ ಬರೆಯಲು ಹೋಗುವ ಮಕ್ಕಳು ಬಳಪದ ಕಲ್ಲಿಗೆ ಕರಿ ಪೆನ್ಸಿಲ್ ತಿಕ್ಕಿ, ಗುಡಿಯನ್ನು ಹೊಗೆ ಹಿಡಿದ ಅಡುಗೆಮನೆ ಮಾಡಿಬಿಡುತ್ತಾರೆ. ಕಪ್ಪು ಮುಟ್ಟದೆ ಅಂಬರ್ ಕಂದಿನ ಮೇಲೆ ಅಲ್ಟ್ರಾಮರೀನ್ ನೀಲಿ ಹಾಕಿದರೆ ಬರುವ ಬೂದುಬಣ್ಣ ಕಲ್ಲಿಗೆ ಹತ್ತಿರ. ನಾಗಮಂಗಲದ ಹುಡುಗರಿಗೆ ಹಿತ್ತಾಳೆ ಚೊಂಬು, ದೀಪದ ಕಂಬ ಹೊಸದಲ್ಲ, ಲೋಹದ ಕೆಲಸಕ್ಕೆ ಹೆಸರಾದ ಊರು ಅದು. ಹೊಳಪು ಹಳದಿಯಿಂದ ಬರುವುದಿಲ್ಲ. ಓಕರ್, ಸಿಯೆನ್ನ, ಅಂಚಿಗೆ ಅಂಬರ್ ಹಾಕಿ, ಬೆಳಕು ಬಿದ್ದ ಕಡೆ ಕಾಗದವನ್ನು ಹಾಗೇ ಬಿಡಬೇಕು. ಬಿಟ್ಟ ಬಿಳಿಯೇ ಹೊಳಪು.

ದೊಡ್ಡ ಡಬ್ಬಿಗಳಲ್ಲಿ ‘ಸ್ಕಿನ್ ಕಲರ್’ ಅಂತ ನಸುಗುಲಾಬಿಯ ಒಂದು ಪೆನ್ಸಿಲ್ ಇರುತ್ತದಲ್ಲ, ಅದು ಯಾರ ಚರ್ಮ? ಬಿಸಿಲಲ್ಲಿ ಕಳೆ ಕೀಳುವ ಅವ್ವನ ಮೈಬಣ್ಣವಂತೂ ಅಲ್ಲ. ಅವ್ವನನ್ನು ಬರೆಯಲು ಓಕರ್ ಮತ್ತು ಸಿಯೆನ್ನ ಬೇಕು, ನೆರಳಿಗೆ ಅಂಬರ್, ಕೆನ್ನೆಗೆ ಚೂರು ಕೆಂಪು. ಆ ಗುಲಾಬಿ ಪೆನ್ಸಿಲ್ ಹಚ್ಚಿಯೇ ಎಷ್ಟು ಮಕ್ಕಳು ತಮ್ಮ ಮನೆಯವರನ್ನು ಪರದೇಶದವರನ್ನಾಗಿ ಮಾಡಿದ್ದಾರೋ.

ಬಿಸಿಲಿಗೆ ನಿಲ್ಲುವ ಬಣ್ಣ

ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದವರಿಗೆ ಗೊತ್ತು, ಗೋಡೆ ಚಿತ್ರಗಳಿಗೆ ಬಿಸಿಲು ಬೀಳದಂತೆ ಸುತ್ತ ಪರದೆ ಇಳಿಬಿಟ್ಟಿರುತ್ತಾರೆ. 1784ರ ಅರಮನೆ ಅದು. ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನ. ಅಲ್ಲಿರುವ ಬಣ್ಣವೆಲ್ಲ ಮೂಲದ್ದೇ ಎಂದು ತಿಳಿಯಬಾರದು. ಕೆಟ್ಟುಹೋಗಿದ್ದನ್ನು ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದ ಕಾಲದಲ್ಲಿ ಮತ್ತೆ ಬರೆಸಿದರು. ಅರಮನೆ ಗೋಡೆಗೇ ಈ ಗತಿಯಾದರೆ ಜಗುಲಿಯಲ್ಲಿ ನೇತುಹಾಕಿದ ಮಗುವಿನ ಚಿತ್ರಕ್ಕೆ?

ರಂಗನತಿಟ್ಟಿನ ಬಣ್ಣದ ಕೊಕ್ಕರೆಯನ್ನು ಮಕ್ಕಳು ಬಲು ಆಸೆಯಿಂದ ಬರೆಯುತ್ತಾರೆ. ಅದರ ಅಂದವೆಲ್ಲ ಬಾಲದ ಕಡೆಯ ಗುಲಾಬಿ ಗರಿಯಲ್ಲಿದೆ. ಎಡವಟ್ಟೆಂದರೆ, ಬೆಳಕಿಗೆ ಮೊದಲು ಸೋಲುವುದೇ ಗುಲಾಬಿ, ನೇರಳೆ, ಮತ್ತು ಕಣ್ಣು ಕುಕ್ಕುವ ಮಿಂಚುಬಣ್ಣಗಳು. ಬಹುಮಾನ ಬಂದ ಕೊಕ್ಕರೆಗೆ ಚೌಕಟ್ಟು ಹಾಕಿಸಿ ಕಿಟಕಿ ಎದುರು ತೂಗಿದರೆ, ಒಂದೆರಡು ವರ್ಷದಲ್ಲಿ ಬರೀ ಬಿಳಿ ಕೊಕ್ಕರೆ ಉಳಿದೀತು. ನಾಗಮಂಗಲ ಕಡೆಯ ಕೆಮ್ಮಣ್ಣಿನ ಹೊಲ ಬರೆದವನು ಹೆದರಬೇಕಿಲ್ಲ. ಆ ಮಣ್ಣನ್ನು ಕೆಂಪಗಿಟ್ಟಿರುವುದು ಕಬ್ಬಿಣದ ಅಂಶ, ಒಳ್ಳೆಯ ಓಕರ್, ಸಿಯೆನ್ನ ಪೆನ್ಸಿಲ್ಲಿಗೆ ಬಣ್ಣ ಕೊಡುವುದೂ ಅದೇ. ಅದು ಮಾಸುವುದಿಲ್ಲ.

ಪಾಲಿಕ್ರೋಮಸ್ ಪೆನ್ಸಿಲ್ಲಿನ ಮೈಮೇಲೆ ಸಣ್ಣ ನಕ್ಷತ್ರಗಳನ್ನು ಒತ್ತಿರುತ್ತಾರೆ. ಮೂರಿದ್ದರೆ ಬೆಳಕಿಗೆ ಚೆನ್ನಾಗಿ ನಿಲ್ಲುತ್ತದೆ, ಒಂದಿದ್ದರೆ ಅನುಮಾನ. ಗುರುತೇ ಇಲ್ಲದ ಪೆನ್ಸಿಲ್ ಪರೀಕ್ಷೆ ಮಾಡಲು ಲ್ಯಾಬೋರೇಟರಿ ಬೇಡ. ಒಂದು ಹಾಳೆಯ ಮೇಲೆ ಎಲ್ಲ ಬಣ್ಣದ ಪಟ್ಟಿ ಎಳೆದು, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಏಪ್ರಿಲ್, ಮೇ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದರಾಯಿತು. ಶಾಲೆ ಬಾಗಿಲು ತೆಗೆಯುವ ಹೊತ್ತಿಗೆ ರಟ್ಟು ಎತ್ತಿ ನೋಡಿದರೆ ಯಾವುದು ಓಡಿಹೋಗಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಅಂಗಡಿಯಲ್ಲಿ, ಕೈಯಲ್ಲಿ

ಕೊಳ್ಳುವಾಗ ಪೆನ್ಸಿಲ್ಲಿನ ಹಿಂಬದಿ ನೋಡಬೇಕು. ಬಣ್ಣದ ಕಡ್ಡಿ ಮರದ ನಟ್ಟನಡುವೆ ಇರಬೇಕು. ಒಂದು ಪಕ್ಕಕ್ಕೆ ವಾಲಿದ್ದರೆ ಮೆಂಡರಿಗೆ ಹಾಕಿದಾಗಲೆಲ್ಲ ಮುರಿಯುತ್ತದೆ. ಗಾಜಿನ ಮೇಜಿನ ಮೇಲೆ ಉರುಳಿಸಿ, ಡೊಂಕಾಗಿ ಕುಣಿದರೆ ವಾಪಸ್ಸು ಕೊಡಿ. ಆಮೇಲೆ ಬಳಸಬೇಕೆಂದಿರುವ ಕಾಗದದ ತುಂಡಿನ ಮೇಲೇ ಮೆಲ್ಲಗೆ ಗೀಚಿ, ಅದರ ಮೇಲೆ ಇನ್ನೊಂದು ಬಣ್ಣ ಹಾಕಿ. ಎರಡನೆಯದು ಜಾರಿದರೆ ದುಡ್ಡು ಜೇಬಿನಲ್ಲೇ ಇರಲಿ.

ಕಾಗದದ ವಿಷಯದಲ್ಲಿ ಜಿಪುಣತನ ಮಾಡುವವರೇ ಹೆಚ್ಚು. ನುಣುಪು ಚಾರ್ಟಿನ ಮೇಲೆ ಎಂಥ ಪೆನ್ಸಿಲ್ಲೂ ಎರಡು ಪದರಕ್ಕೆ ಸುಸ್ತು. ಬೆರಳಾಡಿಸಿದರೆ ಸಣ್ಣಗೆ ತರಿ ಸಿಗುವ, 150 ಜಿ.ಎಸ್.ಎಂ. ಮೇಲ್ಪಟ್ಟ ಡ್ರಾಯಿಂಗ್ ಕಾಗದ ಬೇಕು. ಸಾಧಾರಣ ಪೆನ್ಸಿಲ್ಲೂ ಅದರ ಮೇಲೆ ಒಂದು ಸುತ್ತು ಚೆನ್ನಾಗಿ ಕಾಣುತ್ತದೆ. ಸ್ಪರ್ಧೆ ನಡೆಸುವವರು ಹಾಳೆ ತಾವೇ ಕೊಡುತ್ತಾರೆ, ಬಣ್ಣ ಮಗುವಿನದು. ಮೈಕು, ಶಾಮಿಯಾನಕ್ಕೆ ಖರ್ಚು ಮಾಡುವ ಮಹನೀಯರು ಹಾಳೆಗೂ ನಾಲ್ಕು ಕಾಸು ಹೆಚ್ಚು ಹಾಕಿದರೆ ಪುಣ್ಯ ಬಂದೀತು.

ಹಚ್ಚುವ ಕ್ರಮದಲ್ಲಿ ಗುಟ್ಟೇನಿಲ್ಲ. ತುದಿ ಚೂಪಾಗಿರಲಿ, ಕೈ ಹಗುರವಾಗಿರಲಿ. ತಿಳಿಬಣ್ಣ ಮೊದಲು, ದಟ್ಟಬಣ್ಣ ಆಮೇಲೆ. ಬೆಕ್ಕಿನ ಮೀಸೆ, ಎಲೆಯ ನರದಂಥ ಬಿಳಿ ಗೆರೆ ಬೇಕಿದ್ದರೆ ಬಣ್ಣಕ್ಕೆ ಮೊದಲೇ ಮುಗಿದುಹೋದ ಬಾಲ್‌ಪೆನ್ನಿನಲ್ಲಿ ಒತ್ತಿ ಗೆರೆ ಎಳೆದಿಟ್ಟರೆ ಬಣ್ಣ ಆ ಗೀರಿಗೆ ಇಳಿಯುವುದಿಲ್ಲ. ಬಿಳಿ ಪೆನ್ಸಿಲ್ ದಂಡ ಅಂತ ಎಸೆಯುವವರು ಅದನ್ನು ಕೊನೆಗೆ ಎಲ್ಲ ಪದರದ ಮೇಲೆ ಬಲವಾಗಿ ಉಜ್ಜಿ ನೋಡಲಿ, ಬಣ್ಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅದು ಕೊನೆಯ ಕೆಲಸ, ಆಮೇಲೆ ಏನೂ ಹಿಡಿಯುವುದಿಲ್ಲ. ರಬ್ಬರ್ ಹಾಕಿ ತಿಕ್ಕಿದರೆ ಬಣ್ಣ ಹರಡಿ ಕೊಳೆಯಾಗುತ್ತದೆ. ಮೆತ್ತನೆ ಪುಟ್ಟಿ ರಬ್ಬರನ್ನು ಒತ್ತಿ ಒತ್ತಿ ಎತ್ತಿದರೆ ಅಷ್ಟೋ ಇಷ್ಟೋ ತಿಳಿಯಾಗುತ್ತದೆ. ಪೆನ್ಸಿಲ್ ಕೆಳಗೆ ಬಿದ್ದರೆ ಕಡ್ಡಿ ಒಳಗೇ ತುಂಡಾಗುತ್ತದೆ, ಮೇಲೆ ಗೊತ್ತಾಗುವುದಿಲ್ಲ. ಬಸ್ಸಿನಲ್ಲಿ ತಗಡಿನ ಜಾಮೆಟ್ರಿ ಬಾಕ್ಸಿನೊಳಗೆ ಗಡಗಡ ಅನ್ನಿಸಿಕೊಂಡು ಬರುವ ಪೆನ್ಸಿಲ್‌ಗಳ ಗತಿಯೂ ಅದೇ. ಬಟ್ಟೆಯಲ್ಲಿ ಸುತ್ತಿದರೆ ಉಳಿಯುತ್ತವೆ.

ಇನ್ನು ಸಿಗುವುದೆಲ್ಲಿ? ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಶಾಲೆ ಡಬ್ಬಿಗಳೇ. ಬಿಡಿ ಪೆನ್ಸಿಲ್ ಬೇಕೆಂದರೆ ಮೈಸೂರು ಬಸ್ಸು ಹತ್ತಬೇಕು ಇಲ್ಲವೆ ಪಾರ್ಸೆಲ್ ತರಿಸಬೇಕು. ಅಂಗಡಿಯವರನ್ನು ದೂರಿ ಫಲವಿಲ್ಲ. ಕೇಳುವವರಿಲ್ಲದೆ ನೂರು ರೂಪಾಯಿಯ ಪೆನ್ಸಿಲ್ ತಂದು ಯಾರು ಧೂಳು ಒರೆಸುತ್ತಾ ಕೂರುತ್ತಾರೆ? ಡ್ರಾಯಿಂಗ್ ಮೇಷ್ಟ್ರುಗಳು ನಾಲ್ಕೈದು ಶಾಲೆಯವರು ಸೇರಿ ಒಂದು ಪಟ್ಟಿ ಬರೆದುಕೊಟ್ಟರೆ ತರಿಸದೇ ಇರಲಾರರು. ಮನೆಮನೆಗೂ ಬೇಕಿಲ್ಲ. ಶಾಲೆಗೆ ಹನ್ನೆರಡರ ಒಂದು ಕಟ್ಟು ಇದ್ದು, ಮೇಷ್ಟ್ರ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರದೆ, ಸ್ಪರ್ಧೆಗೆ ಹೋಗುವ ಮಗುವಿನ ಕೈಗೆ ಸಿಗಬೇಕು ಅಷ್ಟೆ. ಪಟ್ಟಿ ಬರೆಯುವಾಗ ಓಕರ್, ಬಿಳಿ ಎರಡೆರಡು ಹೆಚ್ಚಿಗೆ ಬರೆಯಲಿ. ಮೊದಲು ಮುಗಿಯುವುದು ಅವೇ.