ಬುಟ್ಟಿ ಹೊತ್ತ ಹೆಂಗಸಿನ ಚಿತ್ರ

ಥಾಮಸ್ ಲಿಪ್ಟನ್ 1890ರಲ್ಲಿ ಸಿಲೋನಿನಲ್ಲಿ ಟೀ ತೋಟಗಳನ್ನು ಕೊಂಡ. ಆಮೇಲೆ ಅವನ ಜಾಹೀರಾತುಗಳಲ್ಲಿ ಬುಟ್ಟಿ ಹೊತ್ತ ತಮಿಳು ಹೆಂಗಸು ಬಂದಳು. ಕೊಲಂಬೊದ ಫೋಟೋ ಸ್ಟುಡಿಯೋಗಳೂ ಇಂಥವೇ ಚಿತ್ರಗಳನ್ನು ಮಾರಿದವು: ಸೀರೆ, ಮೂಗುತಿ, ಹಿಂದೆ ಗುಡ್ಡ. ಇಂಗ್ಲೆಂಡಿನ ಗಿರಾಕಿಗೆ ಅದು ದೂರದೇಶದ ಚೆಲುವು. ಸುಳ್ಳು ಯಾಕೆ ಹೇಳಲಿ, ಮೊದಲ ಸಲ ನನಗೂ ಚೆಂದವೇ ಕಂಡಿತ್ತು.

ಆದರೆ ಈ ಕೂಲಿಗಳಲ್ಲಿ ಬಹಳ ಮಂದಿ ತಮಿಳು ಸೀಮೆಯ ದಲಿತ ಕೇರಿಗಳಿಂದ ಹೋದವರು. ಅವರ ಸಾಲವನ್ನು ‘ತುಂಡು’ ಎಂಬ ಚೀಟಿಯಲ್ಲಿ ಬರೆದು ತೋಟದಿಂದ ತೋಟಕ್ಕೆ ದಾಟಿಸುತ್ತಿದ್ದರು. ಆ ಪದ್ಧತಿ ನಿಷೇಧವಾದದ್ದು 1921ರಲ್ಲಿ. ಕ್ಯಾಮೆರಾ ಒಡವೆ ತೋರಿಸಿತು, ಚೀಟಿ ತೋರಿಸಲಿಲ್ಲ. 1948ರ ಪೌರತ್ವ ಕಾಯ್ದೆ ಇವರಲ್ಲಿ ಬಹುಪಾಲು ಜನರನ್ನು ದೇಶವಿಲ್ಲದವರನ್ನಾಗಿ ಮಾಡಿತು.

ಇಂಥ ಚಿತ್ರ ಸಿಕ್ಕಾಗ ‘ಎಷ್ಟು ಚೆಂದ’ ಅನ್ನೋದಕ್ಕೆ ಮೊದಲು ಕೇಳೋಣ: ಇವಳ ಹೆಸರೇನು, ಕೂಲಿ ಎಷ್ಟು?